ರಕ್ತದಾನಕ್ಕೆ ಲಾಭದ ಆಮಿಷವೇಕೆ?

ಜೂನ್ 14 ಅಥವಾ ಅಕ್ಟೋಬರ್ 1 ಸಮೀಪಿಸಿತೆಂದರೆ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ರಕ್ತದಾನ ಶಿಬಿರಗಳ ಕರಪತ್ರಗಳು ಕೈಗೆ ಬರುತ್ತವೆ. ಎಲ್ಲದರಲ್ಲಿಯೂ ಅದೇ ಪಟ್ಟಿ: ರಕ್ತ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ, ಅರ್ಬುದ ಸುಳಿಯುವುದಿಲ್ಲ, ಬೊಜ್ಜು ಕರಗುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಮೇಲಾಗಿ ಪುಕ್ಕಟೆ ರಕ್ತಪರೀಕ್ಷೆ! ರಕ್ತದಾನದ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಜಗಳ ಈ ಪಟ್ಟಿಯ ಮೇಲೆ.

ಹೃದಯದ ಮಾತನ್ನೇ ನೋಡೋಣ. ದೇಹದಲ್ಲಿ ಹೆಚ್ಚಾದ ಕಬ್ಬಿಣಾಂಶ ಹೃದಯಕ್ಕೆ ಕೇಡೆಂಬ ಊಹೆಯನ್ನು ಅಮೆರಿಕದ ವೈದ್ಯ ಜೆರೋಮ್ ಸಲಿವನ್ 1981ರಲ್ಲಿ ಮುಂದಿಟ್ಟರು. ರಕ್ತ ಕೊಡುವವರಲ್ಲಿ ಹೃದಯಾಘಾತ ಕಡಿಮೆಯೆಂದು 1998ರಲ್ಲಿ ಫಿನ್‌ಲೆಂಡಿನ ಅಧ್ಯಯನವೊಂದು ಹೇಳಿತು. ಆದರೆ ರಕ್ತ ಕೊಡಲು ಒಪ್ಪಿಗೆ ಸಿಗುವುದೇ ಆರೋಗ್ಯವಂತರಿಗೆ. ಗರಡಿಯ ಪೈಲ್ವಾನರನ್ನು ಎಣಿಸಿ, ಗರಡಿಮನೆಯ ಗಾಳಿಯಿಂದಲೇ ಅವರ ಮೈ ಕಟ್ಟಿತು ಎಂದರೆ ಹೇಗೆ? ಕಾಲಿನ ರಕ್ತನಾಳದ ರೋಗವಿದ್ದವರಿಂದ ಬೇಕೆಂದೇ ರಕ್ತ ತೆಗೆದು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ. ಬೊಜ್ಜಿನ ಮಾತಿಗೆ ಉತ್ತರ ಕೊಡುವುದೂ ವ್ಯರ್ಥ.

ಪುಕ್ಕಟೆ ಪರೀಕ್ಷೆಯ ಆಮಿಷವಂತೂ ಅಪಾಯಕಾರಿ. ಎಚ್.ಐ.ವಿ.ಯಂಥ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಕ್ಕುವುದಿಲ್ಲ. ತನಗೇನಾದರೂ ಅಂಟಿದೆಯೋ ಎಂಬ ಅನುಮಾನದಿಂದ ಬಂದವನ ರಕ್ತ ಪರೀಕ್ಷೆಯಲ್ಲಿ ಪಾರಾಗಿ, ಹಾಸಿಗೆಯಲ್ಲಿ ಮಲಗಿದ ನಿರಪರಾಧಿಯ ಮೈ ಸೇರಬಹುದು. ಹಣಕ್ಕಾಗಿ ರಕ್ತ ಮಾರುವವನು ರೋಗ ಮುಚ್ಚಿಡುತ್ತಾನೆಂಬ ಭಯವಿದ್ದುದರಿಂದಲೇ ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ರಕ್ತ ಮಾರಾಟ ನಿಷಿದ್ಧವಾಯಿತು. ಈಗ ಹಣದ ಜಾಗದಲ್ಲಿ ಹೆಲ್ಮೆಟ್ಟು, ಚೀಲ, ಪುಕ್ಕಟೆ ಪರೀಕ್ಷೆಗಳನ್ನಿಟ್ಟರೆ ಏನು ಸಾಧಿಸಿದಂತಾಯಿತು?

ಲಾಭದ ಈ ಸುಳ್ಳು ಹುಟ್ಟಿದ್ದು ಅದಕ್ಕಿಂತ ಹಳೆಯದಾದ ಇನ್ನೊಂದು ಸುಳ್ಳನ್ನು ಹೊಡೆಯಲೆಂದು ಎಂಬುದನ್ನು ಬಲ್ಲೆ. ರಕ್ತ ಕೊಟ್ಟವನು ದುಡಿಯಲಾರ, ಗಂಡಸುತನ ಕುಂದುತ್ತದೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಸತ್ಯವನ್ನೇ ಹೇಳಬಹುದಲ್ಲ! ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕಳೆದುಹೋದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರಗಳು ಬೇಕು. ಕಬ್ಬಿಣಾಂಶ ಮಾತ್ರ 200ರಿಂದ 250 ಮಿಲಿಗ್ರಾಂ ಹೋಗುತ್ತದೆ, ಅದು ಮರಳಲು ತಿಂಗಳುಗಳೇ ಹಿಡಿಯುತ್ತವೆ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರವಿಟ್ಟಿರುವುದು ಸುಮ್ಮನಲ್ಲ. ಕೆಲವರಿಗೆ ಕ್ಷಣಕಾಲ ತಲೆ ಸುತ್ತೀತು. ಸಜ್ಜಿ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮೇಲೆ ಲಿಂಬೆಹುಳಿ ಹಿಂಡಿಕೊಂಡು ಉಂಡರೆ ಒಳ್ಳೆಯದು. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಕಡೆಯ ಚಟವನ್ನು ಮಾತ್ರ ಬಿಡಬೇಕು, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಒಮ್ಮೆ ಹೆರಿಗೆ ಕೋಣೆಯ ಹೊರಗೆ ನಾನೇ ಕೇಳಿದ ಮಾತಿದು. ಬಾಣಂತಿಗೆ ರಕ್ತ ಬೇಕಾಗಿತ್ತು. ಗಂಡ ಗಟ್ಟಿಮುಟ್ಟಾದ ಆಳು. ಅವನ ತಾಯಿ, “ಅಂವ ದುಡಿಯೋ ಮನಷಾರೀ, ಅಕಿ ಅಣ್ಣತಮ್ಮರು ಕೊಡ್ಲಿ” ಎಂದಳು. ಬಾಣಂತಿಯ ತಾಯಿ, ಬಿಳಿಚಿಕೊಂಡ ಮುಖದ ಹೆಂಗಸು, ತನ್ನ ಕೈಯನ್ನೇ ಮುಂದೆ ಮಾಡಿದಳು! ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. 12.5 ಗ್ರಾಂ ಹಿಮೋಗ್ಲೋಬಿನ್ ಇಲ್ಲದವರಿಂದ ರಕ್ತ ತೆಗೆಯುವಂತಿಲ್ಲ. ಹೆರುವವಳಿಗೂ ರಕ್ತವಿಲ್ಲ, ಅವಳ ತಾಯಿಗೂ ಇಲ್ಲ. ಇದ್ದವನು ದುಡಿಯುವ ಮನುಷ್ಯ. ಅವನ ರಕ್ತ ಅವಳ ಮೈಗೇ ಸೇರಬೇಕೆಂದೂ ಇಲ್ಲ, ನಿಧಿಗೆ ಸೇರಿದರೆ ಸಾಕು. ಇಂಥವನ ಮುಂದೆ ಬೊಜ್ಜು ಕರಗುವ ಕರಪತ್ರ ಹಿಡಿದು ನಿಲ್ಲುವುದು ನನಗೆ ನಾಚಿಕೆಯ ಸಂಗತಿಯಾಗಿ ತೋರುತ್ತದೆ.

ಹುನಗುಂದ ತಾಲ್ಲೂಕಿನ ಕೂಡಲಸಂಗಮದ ನೆಲದವರಿಗೆ ದಾಸೋಹವೆಂದರೇನೆಂದು ಯಾರೂ ಕಲಿಸಬೇಕಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಹಾಕಿದವರಿಗೆ ಹೆಲ್ಮೆಟ್ಟು ಹಂಚಲಿಲ್ಲ. ಅಂಥ ಜಿಲ್ಲೆಯಲ್ಲಿ ‘ಇನ್ನೊಬ್ಬರ ಜೀವಕ್ಕೆ ಬೇಕಾಗಿದೆ, ಕೊಡಿ’ ಎಂದಷ್ಟೇ ಕೇಳಿದರೆ ಜನ ಬರಲಾರರೇ?

ಇನ್ನು ನಾಯಕರ ಹುಟ್ಟುಹಬ್ಬದ ಶಿಬಿರಗಳು. ಕೆಂಪು ಕಣಗಳ ಆಯುಷ್ಯ 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳದ್ದು 5 ದಿನ. ಒಂದೇ ದಿನ ನೂರಾರು ಚೀಲ ತುಂಬಿ, ಫೋಟೋ ತೆಗೆಸಿಕೊಂಡು, ಕಾಲೇಜುಗಳಿಗೆ ಸೂಟಿ ಬಿದ್ದ ಮೇಲೆ ಯಾರೂ ಇತ್ತ ತಿರುಗಿ ನೋಡದಿದ್ದರೆ ಹೆದ್ದಾರಿಯಲ್ಲಿ ಗಾಯಗೊಂಡವನಿಗೆ ಆ ಫೋಟೋ ಹಚ್ಚಲಾದೀತೇ? ಬಾದಾಮಿ, ಹುನಗುಂದ, ಇಳಕಲ್ಲಿನ ಸಂಘಗಳವರು ಕುಳಿತು ತಿಂಗಳು ಹಂಚಿಕೊಳ್ಳಲಿ. ಏಪ್ರಿಲ್, ಮೇ ತಿಂಗಳುಗಳನ್ನು ಯಾರಾದರೂ ಮೊದಲು ಹಿಡಿಯಲಿ. ನಮ್ಮ ಕಡೆಯ ಬಿಸಿಲಿಗೆ ಬೆಳಿಗ್ಗೆ ಏಳಕ್ಕೇ ಶಿಬಿರ ಆರಂಭಿಸುವುದು ಲೇಸು. ಬರುವವರಿಗೆ ಉಪ್ಪಿಟ್ಟೋ ಅವಲಕ್ಕಿಯೋ ಮೊದಲೇ ತಿಂದು ಬರಲು ಹೇಳಿ.