'ಮೇಲಿನದು ನಿನಗಿರಲಿ' ಎನ್ನುವ ಮುನ್ನ

ಅಡಿಕೆ ಮಂಡಿಗೆ ಹಾಕಿದರೆ ತೂಕವೆಷ್ಟು, ಹಮಾಲಿಯೆಷ್ಟು, ಯಾವ ಮಾಲಿಗೆ ಯಾವ ಧಾರಣೆ ಬಿತ್ತು ಎಂದು ಚೀಟಿ ಹಿಡಿದು ಕೇಳುವವರು ನಾವು. ಕಾಫಿಯ ಬಾಂಧವರಂತೂ ಔಟ್‌ಟರ್ನ್ ಕೊಂಚ ಇಳಿದರೂ ಕ್ಯೂರಿಂಗ್ ವರ್ಕ್ಸಿಗೆ ಹೋಗಿ ವಿಚಾರಿಸದೆ ಬಿಡುವವರಲ್ಲ. ಬೆಲೆ ಕುಸಿದಾಗ ವ್ಯಾಪಾರಿಯೊಬ್ಬನನ್ನೇ ನಂಬಿ ಕೂರಬಾರದೆಂದು ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಇಷ್ಟೆಲ್ಲ ಎಚ್ಚರವಿರುವ ನಾವು, ಜೀವಮಾನದಲ್ಲಿ ಒಮ್ಮೆ ಮಾರುವ ಹಿರಿಯರ ಮನೆಯ ವಿಷಯದಲ್ಲಿ ಮಾತ್ರ ಒಂದು ಲೋಟ ಕಾಫಿ ಮುಗಿಯುವುದರೊಳಗೆ ದಲ್ಲಾಳಿಗೆ ಮಾತು ಕೊಟ್ಟುಬಿಡುತ್ತೇವೆ. ಪರರ ಮಾತು ಏಕೆ, ಇದು ನಮ್ಮ ಮನೆಯಲ್ಲೇ ನಡೆದದ್ದು.

ಕೃಷ್ಣರಾಜಪೇಟೆಯ ಪೇಟೆಯೊಳಗೆ ನಮ್ಮ ತಂದೆಯವರ ಕಾಲದ ಹೆಂಚಿನ ಮನೆಯೊಂದಿತ್ತು. ಹೆತ್ತವರು ತೀರಿದ ಮೇಲೆ ಬೀಗ ಬಿದ್ದಿತ್ತು. ಹಿರಿಯವರಾದ ನಾವು ತೋಟದಲ್ಲಿ, ತಮ್ಮ ಬೆಂಗಳೂರಿನಲ್ಲಿ, ತಂಗಿ ಮೈಸೂರಿನಲ್ಲಿ. ಸೋರುವ ಮನೆಗೆ ವರ್ಷ ವರ್ಷ ಹೆಂಚು ಹೊದಿಸುವುದಕ್ಕಿಂತ ಮಾರಿ ಮೂರು ಪಾಲು ಮಾಡುವುದು ಲೇಸೆಂದು ಮೂವರೂ ಒಪ್ಪಿದೆವು. ದಲ್ಲಾಳಿ ಬಂದ. ಶೇಕಡಾ ಎರಡು ಕೇಳುತ್ತಾನೆ, ಒಂದಕ್ಕೆ ಇಳಿಸೋಣ ಎಂದು ನಾವು ಲೆಕ್ಕ ಹಾಕಿ ಕೂತಿದ್ದರೆ ಆತ ಕಮಿಷನ್ನಿನ ಮಾತನ್ನೇ ಎತ್ತಲಿಲ್ಲ. "ಮೂವತ್ತಾರು ಲಕ್ಷ ನಿಮ್ ಕೈಗೆ ತಂದಿಡ್ತೀನಿ ಗೌಡ್ರೆ. ನಂಗೊಂದು ಕಾಸೂ ಬ್ಯಾಡ. ಮೇಲ್ ಬಂದ್ರೆ ಅದು ನನ್ ಹಣೇಬರ" ಎಂದ. ನಮಗೆ ಆನಂದವೇ ಆಯಿತು. ಕಮಿಷನ್ ಉಳಿಯಿತೆಂದು ತಮ್ಮನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆವು. ತಂಗಿಗೆ ಹೇಳಲಿಲ್ಲ. ಹೇಳಬೇಕೆಂದು ತೋಚಲಿಲ್ಲ.

ನೋಂದಣಿಯ ದಿನ ಉಪನೋಂದಣಾಧಿಕಾರಿಗಳ ಕಚೇರಿಯ ಜಗುಲಿಯಲ್ಲಿ ಸರದಿ ಕಾಯುತ್ತಿದ್ದಾಗ ಕೊಂಡವರ ಮನೆಯಾಕೆ ನಮ್ಮ ತಂಗಿಯೊಡನೆ ಲೋಕಾಭಿರಾಮವಾಗಿ ಮಾತಾಡುತ್ತ, ನಲವತ್ತೊಂದು ಲಕ್ಷ ಹೊಂದಿಸುವಷ್ಟರಲ್ಲಿ ಕೊರಳಿನದೂ ಹೋಯಿತಮ್ಮ ಎಂದರು. ಕ್ರಯಪತ್ರದಲ್ಲಿದ್ದದ್ದು ಮೂವತ್ತಾರು. ಉಳಿದ ಐದು ನಗದಾಗಿ ದಲ್ಲಾಳಿಯ ಕೈ ಸೇರಿತ್ತು. ತಂಗಿ ನಮ್ಮ ಹತ್ತಿರ ಬಂದು, "ಅಣ್ಣಯ್ಯ, ನಿಂಗ್ ಗೊತ್ತಿತ್ತಾ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಆದರೆ ಗೊತ್ತಿರಲಿಲ್ಲವೆಂದು ತೋರಿಸಲು ನಮ್ಮ ಬಳಿ ಒಂದು ಚೂರು ಕಾಗದವಿರಲಿಲ್ಲ. ನಲವತ್ತೊಂದು ಲಕ್ಷಕ್ಕೆ ಶೇಕಡಾ ಎರಡು ಕೊಟ್ಟಿದ್ದರೂ ಆಗುತ್ತಿದ್ದದ್ದು 82,000 ರೂಪಾಯಿ. 'ಕಾಸೂ ಬೇಡ' ಎಂದವನಿಗೆ ನಾವು ಕೊಟ್ಟದ್ದು ಐದು ಲಕ್ಷ. ತಂಗಿಯ ಪಾಲಿನಲ್ಲೇ ಒಂದು ಲಕ್ಷದ ಮೂವತ್ತೊಂಬತ್ತು ಸಾವಿರ ಹೋಯಿತು. ಆಕೆ ಅಂದು ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ, ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದಳು. ಎರಡು ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ. ಬಾಗಿನವನ್ನು ಹುಡುಗರ ಕೈಯಲ್ಲಿ ಕಳುಹಿಸಿದೆವು.

ನಮ್ಮ ಸೀಮೆಯ ದನಗಳ ಜಾತ್ರೆ ಕಂಡವರಿಗೆ ಈ ವ್ಯಾಪಾರ ಹೊಸತಲ್ಲ. ಹೇಮಗಿರಿಯಂತಹ ಜಾತ್ರೆಯಲ್ಲಿ ಎತ್ತಿನ ಜೋಡಿಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾಡುವುದನ್ನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದವರೇ ನಾವೆಲ್ಲ. ಅಲ್ಲಿ ಎತ್ತಿನ ಒಡೆಯ ಪಕ್ಕದಲ್ಲೇ ನಿಂತಿರುತ್ತಾನೆ. ಮನೆಯ ವ್ಯಾಪಾರದಲ್ಲಿ ನಾವು ಟವೆಲನ್ನು ದಲ್ಲಾಳಿಯ ಹೆಗಲಿಗೆ ಹಾಕಿ ತೋಟಕ್ಕೆ ಹೋಗಿಬಿಡುತ್ತೇವೆ.

ಕಾನೂನು ಏನನ್ನುತ್ತದೆ ಎಂದು ವಕೀಲರಲ್ಲಿ ವಿಚಾರಿಸಿದೆವು. 1872ರ ಕರಾರು ಕಾಯಿದೆಯ 216ನೆಯ ಕಲಮಿನಂತೆ, ಏಜೆಂಟನು ಒಡೆಯನಿಗೆ ತಿಳಿಯದಂತೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಅದನ್ನು ಒಡೆಯನು ಕೇಳಬಹುದು. ಆದರೆ 'ಮೇಲಿನದು ನಿನಗಿರಲಿ' ಎಂದು ನಾವೇ ಒಪ್ಪಿದ್ದೆವಲ್ಲ! ವಕೀಲರು ಕನ್ನಡಕ ತೆಗೆದಿಟ್ಟು ನಕ್ಕರು. ದಲ್ಲಾಳಿಗಳ ನೋಂದಣಿಗೆಂದು 2016ರಲ್ಲಿ ರೇರಾ ಕಾಯಿದೆ ಬಂದಿದೆಯಾದರೂ ಅದು ಹೊಸ ಬಡಾವಣೆಯ ನಿವೇಶನ, ಅಪಾರ್ಟ್‌ಮೆಂಟುಗಳಂತಹ ಯೋಜನೆಗಳಿಗೆ ಸೇರಿದ್ದು. ಹಿರಿಯರ ಹಳೆ ಮನೆಯ ಮಾರಾಟಕ್ಕೆ ಅದರ ಆಸರೆ ಇಲ್ಲ. ಕಮಿಷನ್ ಇಷ್ಟೇ ಇರಬೇಕೆಂದು ಅದೂ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ತಲಾ ಶೇಕಡಾ ಒಂದೋ ಎರಡೋ ಎಂಬುದು ರೂಢಿಯೇ ಹೊರತು ಕಟ್ಟಳೆಯಲ್ಲ. ಆದ್ದರಿಂದ ಅದರ ಮೇಲೆ ಮಾತಾಡಲು ಯಾರೂ ಸಂಕೋಚಪಡಬೇಕಾಗಿಲ್ಲ.

ಹಾಗೆಂದು ಎರಡನ್ನು ಒಂದಕ್ಕೆ ಇಳಿಸಿದ ಮಾತ್ರಕ್ಕೆ ಗೆದ್ದಂತಲ್ಲ ಎಂಬುದು ನಮ್ಮ ಈಗಿನ ಅಭಿಪ್ರಾಯ. ನಲವತ್ತು ಲಕ್ಷದ ಮನೆಗೆ ಶೇಕಡಾ ಒಂದೆಂದರೆ ನಲವತ್ತು ಸಾವಿರ. ಅದೇ ಮನೆಯನ್ನು ಬೇಗ ಮುಗಿಸುವ ಆತುರದಲ್ಲಿ ಮೂವತ್ತೆಂಟಕ್ಕೆ ಬಿಟ್ಟರೆ ನಮಗೆ ನಷ್ಟ ಎರಡು ಲಕ್ಷ. ಶೇಕಡಾ ಎರಡರ ದಲ್ಲಾಳಿಗೆ ಅದರಿಂದ ತಪ್ಪುವುದು ಕೇವಲ ನಾಲ್ಕು ಸಾವಿರ. ಆತ ಏಕೆ ನಮಗಾಗಿ ಇನ್ನೊಂದು ತಿಂಗಳು ಓಡಾಡಿಯಾನು? ಹಾಗಾಗಿ ಇಂತಿಷ್ಟು ಬೆಲೆಯವರೆಗೆ ಶೇಕಡಾ ಒಂದು, ಅದರ ಮೇಲೆ ಬಂದ ಹಣಕ್ಕೆ ಮಾತ್ರ ಶೇಕಡಾ ಐದೋ ಹತ್ತೋ ಎಂದು ಮಾಡಿಕೊಂಡರೆ ಇಬ್ಬರ ಎತ್ತೂ ಒಂದೇ ಕಡೆಗೆ ಎಳೆಯುತ್ತವೆ. ಮೇಲಿನದರಲ್ಲಿ ಪಾಲು ಕೊಡುವುದು ಬೇರೆ, ಮೇಲಿನದನ್ನೇ ಕೊಡುವುದು ಬೇರೆ.

ಶೇಕಡಾ ಲೆಕ್ಕಕ್ಕಿಂತ ಮುಂಚೆ ಗಟ್ಟಿ ಮಾಡಬೇಕಾದದ್ದು ಕೊಳ್ಳುವವರ ಬಾಯಿಂದ ಬೆಲೆಯನ್ನು ನಾವೇ ಕೇಳುವುದು. ದಲ್ಲಾಳಿ ಎಷ್ಟೇ ಒಳ್ಳೆಯವನಿರಲಿ, ಬೆಲೆಯ ಮಾತಿನ ದಿನ ಉಭಯತ್ರರೂ ಎದುರುಬದುರು ಕೂರಲೇಬೇಕು. ಕೊಳ್ಳುವವರಿಂದಲೂ ಆತನಿಗೆ ಹಣ ಬರುತ್ತದೆಯೇ ಎಂದು ಅವರೆದುರಿಗೇ ಕೇಳಬೇಕು. ಬರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಮುಂಗಡವನ್ನು ದಲ್ಲಾಳಿಯ ಕೈಯಲ್ಲಿ ತರಿಸಬಾರದು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೆ ಮೀರಿ ನಗದು ಪಡೆಯುವುದಕ್ಕೆ 2015ರ ಜೂನ್‌ನಿಂದ ಆದಾಯ ತೆರಿಗೆ ಕಾನೂನಿನ ತಡೆಯೂ ಇದೆ. ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ನೇರ ನಮ್ಮ ಖಾತೆಗೆ ಬರಲಿ.

ಹಣ ಯಾವಾಗ ಎಂಬುದು ಇನ್ನೊಂದು ತಕರಾರು. ಅದೇ ಕಾಯಿದೆಯ 219ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸ ಮುಗಿದ ಮೇಲೆಯೇ ಏಜೆಂಟನ ಪ್ರತಿಫಲ. ಆದರೆ ಕೆಲಸ ಮುಗಿದದ್ದೆಂದರೆ ಯಾವುದು? ಗಿರಾಕಿ ತೋರಿಸಿದೆನಲ್ಲ ಎನ್ನುತ್ತಾನೆ ಆತ. ಕ್ರಯಪತ್ರ ನೋಂದಣಿಯಾದ ದಿನ ಎಂದು ಮೊದಲೇ ಬರೆದಿಟ್ಟರೆ ಜಗಳವಿಲ್ಲ.

ದಲ್ಲಾಳಿಗಳನ್ನು ಕಂಡರೆ ನಮಗೆ ಹಗೆತನವಿಲ್ಲ. ಇಪ್ಪತ್ತು ಜನಕ್ಕೆ ಬಾಗಿಲು ತೆಗೆದು ತೋರಿಸುವುದು, ಪುರಸಭೆಗೆ ಅಲೆಯುವುದು ಸಣ್ಣ ಕೆಲಸವಲ್ಲ. ಅದೇ ಕಾರಣಕ್ಕೆ ನಮ್ಮ ಕಾಗದ ನಾವು ಮೊದಲು ಸರಿ ಮಾಡಿಕೊಳ್ಳಬೇಕು. ಈಗ ಇ-ಖಾತೆ ಇಲ್ಲದೆ ನೋಂದಣಿ ನಡೆಯದು. ಋಣಭಾರ ಪತ್ರ ಕೈಯಲ್ಲಿರಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಸಮಪಾಲನ್ನು 2005ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟಿನ ತೀರ್ಪೂ ಸ್ಪಷ್ಟಪಡಿಸಿವೆ. 'ಕಾಗದ ಸರಿಯಿಲ್ಲ ಗೌಡ್ರೆ' ಎಂಬ ಒಂದು ಮಾತಿಗೆ ಎಷ್ಟು ಮನೆಗಳ ಬೆಲೆ ಇಳಿದಿದೆಯೋ!

ಆ ಮನೆಯ ಹಿತ್ತಿಲಿನ ನಿವೇಶನ ಬೇರೆ ಖಾತೆಯಲ್ಲಿ ಉಳಿದಿತ್ತು. ಕಳೆದ ವರ್ಷ ಅದನ್ನೂ ಮಾರಿದೆವು. ಈ ಸಲ ಬೇರೊಬ್ಬ ದಲ್ಲಾಳಿ. ಆತ ಎರಡು ಕೇಳಿದ, ಒಂದೂವರೆಗೆ ನಿಂತಿತು. ಅರ್ಧ ಪುಟದ ಕಾಗದ: ಯಾವ ಬೆಲೆಯ ಮೇಲೆ, ಯಾವ ದಿನ, ಯಾರಿಂದ ಎಷ್ಟು. ಕೆಳಗೆ ಆತನ ಸಹಿ, ನಮ್ಮ ಮೂವರ ಸಹಿ. ಇಷ್ಟಕ್ಕೆಲ್ಲ ಕಾಗದವೇಕೆ ಎಂದು ಆತ ಗೊಣಗಿದ್ದು ನಿಜ. ತಂಗಿ ಮೈಸೂರಿನಿಂದ ಬಂದು ಅದನ್ನು ಎರಡು ಸಲ ಓದಿ ಸಹಿ ಹಾಕಿದಳು. ಗೌರಿ ಹಬ್ಬಕ್ಕೂ ಬಂದಳು.