ಸಕ್ಕರೆ ಸರಣಿ, ಭಾಗ 4: ಕೊಲಾಜೆನ್ ಪೌಡರ್ ತರಿಸಿದವರಿಗೆ

ನಮ್ಮ ಕ್ಲಾಸಲ್ಲೇ ಮೂವರು ಕೊಲಾಜೆನ್ ಪೌಡರ್ ತರಿಸಿದ್ದಾರೆ. 19ನೇ ವಯಸ್ಸಿಗೆ ಮುಪ್ಪಿನ ಭಯ! ಕಲಸಿ ಕುಡಿಯೋದು ಯಾವುದ್ರಲ್ಲಿ? ಸಕ್ಕರೆ ಸುರಿದ ಕೋಲ್ಡ್ ಕಾಫೀಲಿ.

ಸ್ವಲ್ಪ ಕೇಳ್ರಪ್ಪಾ. ರಕ್ತದಲ್ಲಿರೋ ಗ್ಲೂಕೋಸ್ ಪ್ರೋಟೀನಿಗೆ ತಾನಾಗೇ ಅಂಟ್ಕೊಳ್ಳುತ್ತೆ, ಕಿಣ್ವವೂ ಬೇಕಿಲ್ಲ. ಇದೇ ಗ್ಲೈಕೇಶನ್. ಗ್ಲೂಕೋಸ್ ಏರಿದಷ್ಟೂ ಅಂಟು ಜಾಸ್ತಿ. ಬ್ರೆಡ್ ಟೋಸ್ಟ್ ಕೆಂಪಗಾಗುತ್ತಲ್ಲ, ಅದೇ ಜಾತಿಯ ಕ್ರಿಯೆ. ಫ್ರಾನ್ಸಿನ ಮಯಾರ್ 1912ರಲ್ಲೇ ವಿವರಿಸಿದ್ದು. ದೇಹದಲ್ಲಿ ನಿಧಾನಕ್ಕೆ ನಡೆಯುತ್ತೆ, ಅಷ್ಟೇ. ಅಜ್ಜ ಮಾಡಿಸೋ ಎಚ್‌ಬಿಎ1ಸಿ ಪರೀಕ್ಷೆ ಅಳೆಯೋದೂ ಇದನ್ನೇ: ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಅಂತ. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಸಾಯುತ್ತೆ, ಹೊಸದು ಬರುತ್ತೆ. ಚರ್ಮದ ಕೊಲಾಜೆನ್ ಹಾಗಲ್ಲ, ವರ್ಷಗಟ್ಟಲೆ ಇರುತ್ತೆ. ಎಳೆಗಳ ಮಧ್ಯೆ ಕೊಂಡಿ ಬಿದ್ದು ಬಿಗಿಯುತ್ತೆ, ರಕ್ತನಾಳದಲ್ಲೂ ಅಷ್ಟೇ. ಡಬ್ಬಿ ಪುಡಿ ಆ ಕೊಂಡಿ ಬಿಚ್ಚಲ್ಲ.

"ನಾನು ಬೆಲ್ಲ ಮಾತ್ರ ತಿನ್ನೋದು" ಅನ್ನೋರೇ, ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ ಇರೋದು. (ನಾನೇನು ಸಾಚಾ ಅಲ್ಲ, ಮೈಸೂರ್ ಪಾಕ್ ಕಂಡ್ರೆ ಕೈ ನಿಲ್ಲಲ್ಲ.)

ಇನ್ನು ಕ್ಯಾಂಟೀನ್ ಬೋಂಡಾ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆಕ್ಸಿಡೀಕರಣವಾಗಿ ಆಲ್ಡಿಹೈಡ್ ಹುಟ್ಟುತ್ತೆ. ಅವೂ ಜೀವಕೋಶದ ಪ್ರೋಟೀನಿಗೇ ಗಂಟುಬೀಳೋದು. ಕೆಟ್ಟ ಎಣ್ಣೆಯ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ್ರೆ ಬಳಸಬಾರದು ಅಂತ 2018ರ ಜುಲೈಯಿಂದಲೇ ನಿಯಮ ಇದೆ. ನಮ್ಮ ಬಾಣಲೇಲಿ ತಳವೇ ಕಾಣಲ್ಲ. ಕೇಳಿದ್ರೆ "ಹೊಸ ಎಣ್ಣೇನೇ" ಅಂತಾರೆ. ವಾರಪೂರ್ತಿ ಅದೇ ಉತ್ತರ.

ನಾಳೆ ಹನ್ನೊಂದರ ಬ್ರೇಕಲ್ಲಿ ಪ್ರಿನ್ಸಿಪಾಲರ ಹತ್ರ ಲೆಟರ್ ಕೊಡ್ತಿದೀನಿ. ಸಹಿ ಹಾಕೋರು ಕಾಮೆಂಟ್ ಮಾಡಿ. ಪೌಡರ್ ತರಿಸಿದ ಮೂವರೂ!