ದಿಲ್ಲಿ ಪ್ರತಿನಿಧಿಯನ್ನು ಕೇಳೋರು ಯಾರು?

ಕರ್ನಾಟಕಕ್ಕೆ ದಿಲ್ಲಿಯಲ್ಲಿ ಒಬ್ಬ ರಾಯಭಾರಿ ಇರುತ್ತಾರೆ. ಹುದ್ದೆಯ ಹೆಸರು ವಿಶೇಷ ಪ್ರತಿನಿಧಿ, ಸ್ಥಾನಮಾನ ಸಂಪುಟ ದರ್ಜೆಯದು. 2023ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೆ ಶಿರಾ ಶಾಸಕ ಟಿ.ಬಿ. ಜಯಚಂದ್ರ ಅವರಿಗೆ ಇದು ಸಿಕ್ಕಿತು. ಒಬ್ಬರು ಸಾಲದೆಂಬಂತೆ ವಿಧಾನ ಪರಿಷತ್ ಸದಸ್ಯ ಪ್ರಕಾಶ ಹುಕ್ಕೇರಿ ಎರಡನೇ ಪ್ರತಿನಿಧಿಯಾದರು. ಬಿಜೆಪಿಯವರು ನಗಬೇಕಿಲ್ಲ. ಯಡಿಯೂರಪ್ಪ ಕಾಲದಲ್ಲಿ ಅವರದೇ ಶಂಕರಗೌಡ ಪಾಟೀಲ ಈ ಕುರ್ಚಿಯಲ್ಲಿದ್ದರು.

ಇವರು ಯೋಗ್ಯರೋ ಅಲ್ಲವೋ ಎಂಬುದು ನಮ್ಮ ತಕರಾರಲ್ಲ. ಅದನ್ನು ಪರೀಕ್ಷಿಸುವ ಜಾಗವೇ ಇಲ್ಲ ಎಂಬುದು ತಕರಾರು. ಮುಖ್ಯಮಂತ್ರಿ ಮನಸ್ಸು ಮಾಡಿದರೆ ಆದೇಶ ಬರುತ್ತದೆ, ಅಷ್ಟೇ.

ಬಾಗಲಕೋಟೆ ಜಿಲ್ಲೆಗೆ ಇದು ದೂರದ ಮಾತಲ್ಲ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಅಂತಿಮ ವರದಿಯನ್ನೂ ಕೊಟ್ಟಿತು. ಆಲಮಟ್ಟಿ 519.60 ಮೀಟರಿನಿಂದ 524.256ಕ್ಕೆ ಏರಬೇಕು. ಕೇಂದ್ರದ ಗೆಜೆಟ್ ಅಧಿಸೂಚನೆ ಇನ್ನೂ ಬಂದಿಲ್ಲ. 2011ರ ಸುಪ್ರೀಂ ಕೋರ್ಟ್ ಆದೇಶ ಅಡ್ಡ ನಿಂತಿದೆ. ಅಲ್ಲಿಯವರೆಗೆ ಮುಳುಗಡೆ ಪಟ್ಟಿಯಲ್ಲಿರುವ ರೈತ ಮನೆ ಕಟ್ಟಬೇಕೋ ಬಿಡಬೇಕೋ ತಿಳಿಯದೆ ಕೂತಿದ್ದಾನೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಗುಡಿಗಳ ಮಗ್ಗುಲಲ್ಲೇ ಬದುಕುವವರಿಗೆ, ಬಾದಾಮಿಯ ಗುಹೆಗಳ ಸುತ್ತ ಇರುವವರಿಗೆ ಒಂದು ಗೋಡೆ ಎಬ್ಬಿಸಲೂ ಪುರಾತತ್ವ ಇಲಾಖೆಯ ಕಾಯ್ದೆ ಅಡ್ಡ ಬರುತ್ತದೆ. ಇವೆಲ್ಲದರ ಕೀಲಿ ದಿಲ್ಲಿಯಲ್ಲಿದೆ.

ಹಾಗಾದರೆ ಅಲ್ಲಿಗೆ ಹೋಗುವವರನ್ನು ಮೊದಲೇ ಕೇಳಬಾರದೇ? ಆಲಮಟ್ಟಿ ಬಗ್ಗೆ ನಿಮ್ಮ ಯೋಜನೆ ಏನು? ಮಹಾರಾಷ್ಟ್ರದ ಆಕ್ಷೇಪಕ್ಕೆ ಉತ್ತರ ಏನು? ವರ್ಷಕ್ಕೊಮ್ಮೆ ಸದನಕ್ಕೆ ಲೆಕ್ಕ ಕೊಡುತ್ತೀರಾ?

ಕೇಳಲು ಬಿಟ್ಟರೆ ಪಕ್ಷ ರಾಜಕೀಯ ಶುರುವಾಗುತ್ತದೆ ಎನ್ನುತ್ತಾರೆ. ಆಗಲಿ. ಅಮೆರಿಕದಲ್ಲಿ ಆಗಿದ್ದೂ ಅದೇ. ಭಾರತಕ್ಕೆ ರಾಯಭಾರಿಯಾಗಿ ಎರಿಕ್ ಗಾರ್ಸೆಟ್ಟಿ ಹೆಸರನ್ನು ಬೈಡನ್ ಸೂಚಿಸಿದ್ದು 2021ರ ಜುಲೈನಲ್ಲಿ. ಮೇಯರ್ ಆಗಿದ್ದಾಗ ತಮ್ಮ ಸಹಾಯಕನ ಮೇಲಿನ ಲೈಂಗಿಕ ಕಿರುಕುಳದ ದೂರು ಗೊತ್ತಿದ್ದೂ ಸುಮ್ಮನಿದ್ದರು ಎಂಬ ಆರೋಪ ಎದ್ದಿತು, ಅವರು ಅಲ್ಲಗಳೆದರು. ಸೆನೆಟ್ ಒಪ್ಪಿದ್ದು 2023ರ ಮಾರ್ಚ್‌ನಲ್ಲಿ, 52–42 ಮತಗಳಿಂದ. ಅಷ್ಟು ದಿನ ದಿಲ್ಲಿಯ ಕುರ್ಚಿ ಖಾಲಿ ಇದ್ದದ್ದು ನಷ್ಟವೇ. ಆದರೆ ಅಂದು ಬೈಡನ್ ಪಕ್ಷದ ಮೂವರು ವಿರುದ್ಧ ಮತ ಹಾಕಿದರು, ಎದುರು ಪಕ್ಷದ ಏಳು ಮಂದಿ ಪರ ನಿಂತರು. ಹೆಸರು ಹಿಡಿದು ಮತ ಹಾಕಬೇಕಾದಾಗ ಪಕ್ಷದ ಗೆರೆಯೂ ಅಳಿಸುತ್ತದೆ.

ಅವರ ವಿಳಂಬ ನಮಗೆ ಬೇಡ. ಉಭಯ ಸದನಗಳ ಜಂಟಿ ಸಮಿತಿ ಮೂವತ್ತು ದಿನದೊಳಗೆ ಬಹಿರಂಗ ವಿಚಾರಣೆ ನಡೆಸಿ ಹೌದು ಅಥವಾ ಅಲ್ಲ ಎನ್ನಲಿ. ಹುಕ್ಕೇರಿಯವರನ್ನು ಪರಿಷತ್ತಿಗೆ ಕಳಿಸಿದ ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿ ಬಾಗಲಕೋಟೆಯೂ ಇದೆ. ಇಳಕಲ್ಲಿನ ಮಾಸ್ತರರು, ಹುನಗುಂದದ ಅಕ್ಕೋರು ಮೊದಲ ಪ್ರಶ್ನೆ ಇವತ್ತೇ ಕೇಳಬಹುದು: ಸಾಹೇಬ್ರ, ದಿಲ್ಲಿಯಿಂದ ನಮಗ ಏನು ತಂದ್ರಿ?